ಟಾಯ್ಲೆಟ್ ಕಟ್ಟಿಕೊಂಡಿದೆಯಾ? ಆಸಿಡ್ ಬಾಟಲಿ ಕೆಳಗಿಡಿ, ಚೇಂಬರ್ ಮುಚ್ಚಳ ಎತ್ತಿ

ಯುಗಾದಿಯ ಮರುದಿನ ನಮ್ಮ ಮನೆಯಲ್ಲಿ ಹನ್ನೊಂದು ಜನ ಇದ್ದೆವು. ಟಾಯ್ಲೆಟ್ ಎರಡೇ, ಮೇಲೊಂದು ಕೆಳಗೊಂದು. ಬೆಳಿಗ್ಗೆ ಏಳರ ಹೊತ್ತಿಗೆ ಕೆಳಗಿನ ಕಮೋಡ್‌ನಲ್ಲಿ ನೀರು ಇಳಿಯುವುದು ನಿಂತಿತು. ಭಾವ ಫ್ಲಶ್ ಮಾಡಿದರು, ನೀರು ಅಂಚಿನವರೆಗೂ ಬಂತು. "ಇನ್ನೊಂದ್ಸಲ ಮಾಡಿ ನೋಡೋಣ" ಅಂದರು. ಆ ಇನ್ನೊಂದು ಸಲದ ನೀರು ನೆಲಕ್ಕೆ ಹರಿಯಿತು.

ನಾನು ಓಡಿಹೋಗಿ ಅಂಗಡಿಯಿಂದ ಒಂದು ಬಾಟಲಿ ಆಸಿಡ್ ತಂದು ಸುರಿದೆ. ಹೊಗೆ ಬಂತು, ಎಲ್ಲರಿಗೂ ಕೆಮ್ಮು ಬಂತು. ನೀರು ಮಾತ್ರ ಹಾಗೇ ನಿಂತಿತ್ತು. ಮಧ್ಯಾಹ್ನ ಬಂದ ಪ್ಲಂಬರ್ ಒಳಗೆ ಕಾಲಿಡುವ ಮುಂಚೆಯೇ ಕೇಳಿದ, "ಆಸಿಡ್ ಏನಾದ್ರೂ ಹಾಕಿದ್ದೀರಾ ಸಾರ್?" ಹೂಂ ಅಂದೆ. "ಹಂಗಾದ್ರೆ ನಾನು ಅದನ್ನ ಮುಟ್ಟಲ್ಲ" ಅಂದ. ತಪ್ಪೇನಿಲ್ಲ, ರಬ್ಬರ್ ಬಟ್ಟಲಿನ ಕೈ ಪಂಪು ಒತ್ತುವಾಗ ಆ ನೀರು ಅವನ ಕಣ್ಣಿಗೆ ಹಾರಿದ್ದರೆ ಗತಿ ಏನು? ಅವನು ಹೊರಗೆ ಹೋಗಿ, ಟಾಯ್ಲೆಟ್ ಪೈಪು ಬಂದು ಸೇರುವ ಗುಂಡಿಯ, ಅಂದರೆ ಚೇಂಬರ್‌ನ ಮುಚ್ಚಳ ಎತ್ತಿದ. ಅದು ಕುತ್ತಿಗೆಯವರೆಗೆ ತುಂಬಿತ್ತು. ಗೇಟಿನ ಹತ್ತಿರ ಹಳೆಯ ಮಣ್ಣಿನ ಪೈಪಿನ ಜಾಯಿಂಟ್ ಒಳಗೆ ಸಂಪಿಗೆ ಮರದ ಬೇರು ನುಗ್ಗಿತ್ತು. ಕಮೋಡ್‌ನಲ್ಲಿ ಏನೂ ಇರಲಿಲ್ಲ! ಮೇಲಿನ ಟಾಯ್ಲೆಟ್ ಬಳಸಿದಾಗೆಲ್ಲ ಕೆಳಗಿನದು ಉಕ್ಕುತ್ತಿತ್ತು. ಸುಳಿವು ಕಣ್ಣ ಮುಂದೆಯೇ ಇತ್ತು, ನಮಗೆ ಹೊಳೆಯಲಿಲ್ಲ ಅಷ್ಟೇ.

ಆಮೇಲೆ ಈ ಕಥೆ ಹೇಳಿದಾಗೆಲ್ಲ ಜನ ಕೇಳುವುದು ಒಂದೇ: ಪಂಪು ಒಳ್ಳೆಯದಾ, ಪುಡಿ ಒಳ್ಳೆಯದಾ, ಸ್ಪ್ರಿಂಗ್ ವೈರ್ ತರೋದಾ, ಇಲ್ಲಾ ಸುಮ್ನೆ ಪ್ಲಂಬರ್‌ಗೆ ಫೋನ್ ಮಾಡೋದಾ? ಉತ್ತರ ಮನೆಯಿಂದ ಮನೆಗೆ ಬೇರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮುಂಚೆ ಫ್ಲಶ್ ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ಬಂದ್ ಮಾಡಿ. ಟಾಯ್ಲೆಟ್ ಕಟ್ಟಿಕೊಂಡಾಗ ಜಾಸ್ತಿ ಹಾನಿ ಮಾಡುವುದು ಎರಡನೇ ಫ್ಲಶ್.

ಈಗ ದಾರಿ ಹೇಗಿದೆ ಅಂತ ನೋಡೋಣ. ವೆಸ್ಟರ್ನ್ ಕಮೋಡ್‌ನ ಹೊಟ್ಟೆಯಲ್ಲೇ ಒಂದು ಬಾಗು ಇರುತ್ತದೆ. ಇಂಡಿಯನ್ ಪ್ಯಾನ್ ಆದರೆ ಅದರ ಕೆಳಗೆ ಬೇರೆಯಾಗಿ ಟ್ರ್ಯಾಪ್, ಅಂದರೆ ಅಂಥದೇ ಬಾಗು, ಕೂರಿಸಿರುತ್ತಾರೆ. ಅಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರ್ ನೀರು ನಿಂತಿರುತ್ತದೆ. ಪೈಪಿನ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಅದೇ ನೀರು. ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವನು 1775ರಲ್ಲಿ ಲಂಡನ್ನಿನಲ್ಲಿ ಈ ಬಾಗಿನ ಟಾಯ್ಲೆಟ್‌ಗೆ ಪೇಟೆಂಟ್ ಪಡೆದ. ವಾಸನೆಯಿಂದ ನಮ್ಮನ್ನು ಉಳಿಸಿದ ಪುಣ್ಯಾತ್ಮ. ಆದರೆ ವಸ್ತುಗಳು ಸಿಕ್ಕಿಕೊಳ್ಳುವುದೂ ಆ ಬಾಗಿನಲ್ಲೇ. ಬಾಗು ದಾಟಿದರೆ ನಾಲ್ಕು ಇಂಚಿನ ಪೈಪು, ಆಮೇಲೆ ಹೊರಗಿನ ಚೇಂಬರ್, ಅಲ್ಲಿಂದ ರಸ್ತೆಯಡಿಯ ಒಳಚರಂಡಿ (ಯುಜಿಡಿ) ಲೈನ್ ಅಥವಾ ನಿಮ್ಮದೇ ಸೆಪ್ಟಿಕ್ ಟ್ಯಾಂಕ್.

ಟಾಯ್ಲೆಟ್‌ಗೆ ಹತ್ತಿರದ ಚೇಂಬರ್ ಮುಚ್ಚಳ ಎತ್ತಿ. ಒಳಗೆ ತಲೆ ಬಗ್ಗಿಸಬೇಡಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು ದೂರದಿಂದಲೇ ನೋಡಿ. ಚೇಂಬರ್ ಖಾಲಿ ಇದ್ದರೆ ಬ್ಲಾಕ್ ಇರುವುದು ಕಮೋಡ್‌ಗೂ ಚೇಂಬರ್‌ಗೂ ನಡುವೆ. ತುಂಬಿದ್ದರೆ ತೊಂದರೆ ಅದರಾಚೆ. ಇದೊಂದು ಪರೀಕ್ಷೆಗೆ ಹತ್ತು ನಿಮಿಷ ಸಾಕು, ಕಾಸು ಖರ್ಚಿಲ್ಲ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಚೇಂಬರ್ ನಿಮ್ಮ ಕೈಗೆ ಸಿಗುವುದಿಲ್ಲ. ಆಗ ಬಚ್ಚಲಿನ ನೆಲದ ಜಾಲರಿ ಗಮನಿಸಿ. ಕಮೋಡ್‌ಗೆ ನೀರು ಬಿಟ್ಟಾಗ ಅಲ್ಲಿ ಗುಳುಗುಳು ಸದ್ದು ಬಂದರೆ, ಅಥವಾ ನೀರು ಮೇಲೆ ಬಂದರೆ, ಬ್ಲಾಕ್ ದೂರದ ಪೈಪಿನಲ್ಲಿದೆ ಎಂದು ಲೆಕ್ಕ. ಒಂದು ಟಾಯ್ಲೆಟ್ ಮಾತ್ರ ಸತಾಯಿಸುತ್ತಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಅದು ಆ ಬಾಗಿನಲ್ಲೇ ಕೂತಿರುವ ಸಂಭವ ಜಾಸ್ತಿ.

ಎರಡನೆಯದು, ಏನು ಸಿಕ್ಕಿದೆ? ಮನೆಯವರನ್ನು ಬೈಯದೆ ಕೇಳಿ. ಬೈದರೆ ಯಾರೂ ಬಾಯಿ ಬಿಡುವುದಿಲ್ಲ. ಟಿಶ್ಯೂ ಮುದ್ದೆ, ಸೋಪಿನ ತುಂಡು, ವೆಟ್ ವೈಪ್ಸ್, ಸ್ಯಾನಿಟರಿ ಪ್ಯಾಡ್, ಮಗುವಿನ ಆಟದ ಕಾರು, ಅಂಚಿಗೆ ನೇತುಹಾಕಿದ ಸುವಾಸನೆ ಬಿಲ್ಲೆಯ ಪ್ಲಾಸ್ಟಿಕ್ ಗೂಡು: ಒಂದೊಂದಕ್ಕೂ ಮದ್ದು ಬೇರೆ. ಮನೆಯಲ್ಲಿ ಇತ್ತೀಚೆಗೆ ಟೈಲ್ಸ್ ಕೆಲಸ ನಡೆದಿತ್ತಾ? ಕೆಲಸದವರು ಬಾಂಡಲಿ ತೊಳೆದ ಸಿಮೆಂಟ್ ನೀರನ್ನು ಟಾಯ್ಲೆಟ್‌ಗೆ ಸುರಿದಿದ್ದರೆ ಅದು ಪೈಪಿನ ತಳದಲ್ಲಿ ಕಲ್ಲಾಗಿ ಕೂತಿರುತ್ತದೆ. ಬೋರ್‌ವೆಲ್‌ನ ಗಡಸು ನೀರಿನ ಮನೆಗಳಲ್ಲಿ ಸುಣ್ಣದ ಪದರ ವರ್ಷಗಟ್ಟಲೆ ಕೂಡಿ ದಾರಿಯನ್ನೇ ಕಿರಿದು ಮಾಡಿರುತ್ತದೆ. ಅಂಥ ಕಮೋಡ್ ಒಮ್ಮೆಲೇ ಕಟ್ಟುವುದಿಲ್ಲ, ತಿಂಗಳುಗಟ್ಟಲೆ ನಿಧಾನವಾಗುತ್ತಾ ಬರುತ್ತದೆ.

ಇನ್ನುಳಿದದ್ದು ನಿಮ್ಮ ಮನೆಯ ಲೆಕ್ಕ. ಟಾಯ್ಲೆಟ್ ಒಂದೇನಾ, ಎರಡಾ? ಕಾಯಲು ಎಷ್ಟು ಹೊತ್ತಿದೆ? ನೀರು ಹೋಗುವುದು ಯುಜಿಡಿಗಾ, ಪಿಟ್ಟಿಗಾ? ಜೇಬಿನಲ್ಲಿ ಎಷ್ಟಿದೆ?

ಒಂದು ಬಕೆಟ್ ನೀರು, ಸ್ವಲ್ಪ ಸೋಪು

ಟಿಶ್ಯೂ ಅಥವಾ ಮಲ ಗಟ್ಟಿಯಾಗಿ ನಿಂತಿದ್ದರೆ ಮೊದಲು ಇದನ್ನೇ ಮಾಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಲೋಟದಷ್ಟು ಹಾಕಿ ಅರ್ಧ ಗಂಟೆ ಬಿಡಿ. ನೀರು ಸ್ವಲ್ಪ ಇಳಿದ ಮೇಲೆ, ಸ್ನಾನಕ್ಕೆ ಬಳಸುವಷ್ಟು ಬಿಸಿ ಇರುವ ನೀರನ್ನು ಬಕೆಟ್‌ನಲ್ಲಿ ತಂದು ಸೊಂಟದ ಎತ್ತರದಿಂದ ಒಂದೇ ಧಾರೆಯಾಗಿ ಸುರಿಯಿರಿ. ಕುದಿಯುವ ನೀರು ಬೇಡ. ತಣ್ಣಗಿನ ಪಿಂಗಾಣಿ ಬಿರುಕು ಬಿಡಬಹುದು, ಪಿವಿಸಿ ಪೈಪ್ ಮೆತ್ತಗಾಗಬಹುದು. ಖರ್ಚು ಇಲ್ಲವೇ ಇಲ್ಲ, ಹಾನಿಯೂ ಇಲ್ಲ. ಪ್ಯಾಡ್, ಪ್ಲಾಸ್ಟಿಕ್ ಇದ್ದರೆ ಮಾತ್ರ ಎಷ್ಟು ಬಕೆಟ್ ಸುರಿದರೂ ಅದು ಜಗ್ಗುವುದಿಲ್ಲ. ಎರಡು ಸಲಕ್ಕೆ ಆಗದಿದ್ದರೆ ಬಿಟ್ಟುಬಿಡಿ.

ಅಡುಗೆ ಸೋಡಾ, ವಿನೆಗರ್, ಕೋಲಾ ಸುರಿಯುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೊರೆ ಚೆನ್ನಾಗಿ ಬರುತ್ತದೆ. ಹಟಕ್ಕೆ ಬಿದ್ದ ಬ್ಲಾಕ್‌ಗೆ ನೊರೆಯಿಂದ ಏನೂ ಆಗುವುದಿಲ್ಲ.

ಪಂಪು ಅಥವಾ ಪ್ಲಂಜರ್

ನನ್ನನ್ನು ಕೇಳಿದರೆ ಪ್ರತಿ ಮನೆಯಲ್ಲೂ ಇರಬೇಕಾದ ಸಾಮಾನು ಇದೊಂದೇ. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ 200ರಿಂದ 400 ರೂಪಾಯಿಯೊಳಗೆ ಸಿಕ್ಕಿತು. ಕೊಳ್ಳುವಾಗ ಒಂದು ವಿಷಯ ನೋಡಿ. ಬರೀ ಬಟ್ಟಲಿನಂತೆ ಇರುವ ರಬ್ಬರ್ ಸಿಂಕಿಗೂ ಇಂಡಿಯನ್ ಪ್ಯಾನಿಗೂ ಆಗುತ್ತದೆ. ವೆಸ್ಟರ್ನ್ ಕಮೋಡ್‌ಗೆ ಬಟ್ಟಲಿನೊಳಗಿಂದ ಇನ್ನೊಂದು ಕೊಳವೆಯಂಥ ರಬ್ಬರ್ ಹೊರಬಂದಿರುವುದೇ ಬೇಕು. ಅದು ತೂತಿನೊಳಗೆ ಕೂತು ಗಾಳಿ ಸೋರದಂತೆ ಹಿಡಿಯುತ್ತದೆ. ತಪ್ಪು ಪಂಪು ತಂದು "ಇದೆಲ್ಲ ದಂಡ" ಅಂದವರು ನಮ್ಮಲ್ಲಿ ಬಹಳ ಜನ.

ಬಳಸುವುದರಲ್ಲೂ ಒಂದು ಹದವಿದೆ. ರಬ್ಬರ್ ಮುಳುಗುವಷ್ಟು ನೀರು ಇರಲೇಬೇಕು, ಇಲ್ಲದಿದ್ದರೆ ನೀವು ಒತ್ತುವುದು ಬರೀ ಗಾಳಿಯನ್ನು. ಮೊದಲ ಒತ್ತು ಮೆಲ್ಲಗೆ. ಜೋರಾಗಿ ಒತ್ತಿದರೆ ಒಳಗಿನ ಗಾಳಿ ಹೊರಬಂದು ನಿಮ್ಮ ಮುಖಕ್ಕೇ ನೀರು ಎರಚುತ್ತದೆ. ಆಮೇಲೆ ಹದಿನೈದು ಇಪ್ಪತ್ತು ಸಲ, ಒತ್ತುವಷ್ಟೇ ಬಲದಿಂದ ಎಳೆಯಬೇಕು. ಕೆಲಸ ಆಗುವುದು ಹೆಚ್ಚಾಗಿ ಎಳೆತದಲ್ಲಿ. ಗಟ್ಟಿಯಾಗಿ ಕೂತದ್ದು ಹಿಂದೆ ಮುಂದೆ ಅಲುಗಾಡಿ ಸಡಿಲವಾಗುತ್ತದೆ. ನಾಲ್ಕೈದು ಸುತ್ತು ಮಾಡಿ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಕೈಗೆ ಗ್ಲೌಸ್ ಹಾಕಿ.

ರಾತ್ರಿ ಹನ್ನೊಂದಕ್ಕೆ ಕಟ್ಟಿಕೊಂಡು ಅಂಗಡಿ ಬಾಗಿಲು ಹಾಕಿದ್ದರೆ? ಕೋಲಿನ ತುದಿಗೆ ಹಳೆಯ ಬಟ್ಟೆ ಗಟ್ಟಿಯಾಗಿ ಸುತ್ತಿ, ಮೇಲೆ ದಪ್ಪ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿ. ಇಂಡಿಯನ್ ಪ್ಯಾನ್‌ನ ತೂತಿಗೆ ಅದು ಸರಿಯಾಗಿ ಕೂರುತ್ತದೆ. ನಮ್ಮ ಅಜ್ಜಿಯ ಮನೆಯಲ್ಲಿ ಇದ್ದದ್ದು ಅದೊಂದೇ ಪಂಪು. ಕಟ್ಟು ಮಾತ್ರ ಬಿಗಿಯಾಗಿರಲಿ, ಬಟ್ಟೆ ಒಳಗೇ ಉಳಿದರೆ ಒಂದಕ್ಕೆ ಎರಡು ಬ್ಲಾಕ್.

ಆಟದ ಸಾಮಾನು, ಪ್ಲಾಸ್ಟಿಕ್ ಗೂಡಿನಂಥ ಗಟ್ಟಿ ವಸ್ತು ಬಿದ್ದಿರುವುದು ಖಚಿತವಾಗಿದ್ದರೆ ಪಂಪು ಬೇಡ. ಅದು ಇನ್ನೂ ಒಳಗೆ ಹೋಗಿ ಬಾಗಿನಲ್ಲಿ ಅಡ್ಡ ಸಿಕ್ಕಿಕೊಳ್ಳುತ್ತದೆ. ಚೇಂಬರ್ ತುಂಬಿದ್ದರೂ ಬೇಡ. ಗೇಟಿನ ಹತ್ತಿರದ ಬ್ಲಾಕ್‌ಗೆ ಬಾತ್‌ರೂಮಿನಿಂದ ಒತ್ತಿ ಉಪಯೋಗವಿಲ್ಲ.

ಸ್ಪ್ರಿಂಗ್ ವೈರ್, ಬಿದಿರು ದಬ್ಬೆ

ವೆಟ್ ವೈಪ್ಸ್, ಬಟ್ಟೆ, ಪ್ಯಾಡ್ ಆಗಿದ್ದರೆ ಒತ್ತುವುದಕ್ಕಿಂತ ಸಿಕ್ಕಿಸಿ ಹೊರಗೆಳೆಯುವುದೇ ಸರಿ. ಪ್ಯಾಡ್‌ನೊಳಗೆ ನೀರು ಹೀರಿ ಉಬ್ಬುವ ಪುಡಿ ಇರುತ್ತದೆ. ಹೊತ್ತು ಕಳೆದಷ್ಟೂ ಅದು ದಪ್ಪವಾಗುತ್ತದೆ, ಆದ್ದರಿಂದ ತಡ ಮಾಡಬೇಡಿ.

ಸಿಂಕಿಗೆ ಬಳಸುವ ತೆಳ್ಳನೆಯ ವೈರ್ ಅಗ್ಗ, ಆದರೆ ಕಮೋಡ್‌ನ ಬಾಗಿನಲ್ಲಿ ಅದು ತನಗೆ ತಾನೇ ಸುತ್ತಿಕೊಳ್ಳುತ್ತದೆ. ಕಬ್ಬಿಣದ ತುದಿ ಪಿಂಗಾಣಿಗೆ ಕಪ್ಪು ಗೀರೂ ಹಾಕುತ್ತದೆ. ಕಮೋಡ್‌ಗೆಂದೇ ಬರುವ ಆಗರ್‌ನಲ್ಲಿ ಬಾಗಿದ ಕೊಳವೆ, ಅದಕ್ಕೆ ರಬ್ಬರ್ ಹೊದಿಕೆ, ತಿರುಗಿಸುವ ಹಿಡಿ ಇರುತ್ತದೆ. ಅದರ ಬೆಲೆ ಒಳ್ಳೆಯ ಪಂಪಿನ ಹಲವು ಪಟ್ಟು. ಒಂದೇ ಸಲದ ತೊಂದರೆಗೆ ಅದನ್ನು ಕೊಳ್ಳುವುದಕ್ಕಿಂತ ಪ್ಲಂಬರ್‌ನನ್ನು ಕರೆಸುವುದು ಅಗ್ಗ. ಪಿಜಿ ನಡೆಸುವವರು, ನಾಲ್ಕಾರು ಮನೆ ಬಾಡಿಗೆಗೆ ಕೊಟ್ಟವರು ಇಟ್ಟುಕೊಂಡರೆ ದುಡ್ಡು ವಸೂಲಾಗುತ್ತದೆ.

ಬಿದಿರು ದಬ್ಬೆ ಇವತ್ತಿಗೂ ಬಹಳ ಊರುಗಳಲ್ಲಿ ಮೊದಲ ಆಯುಧ. ಚೇಂಬರ್‌ನಿಂದ ಚೇಂಬರ್‌ಗೆ ನೇರವಾಗಿರುವ ಪೈಪಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬೆಲೆಯೂ ಇಲ್ಲ. ಕಮೋಡ್‌ನೊಳಗೆ ಮಾತ್ರ ತೂರಿಸಬೇಡಿ. ಬಾಗಿನಲ್ಲಿ ಸೀಳಿ ಮುರಿದು ಅಲ್ಲೇ ಉಳಿಯುತ್ತದೆ.

ಪುಡಿ ಮತ್ತು ಆಸಿಡ್

ಸುಲಭ ಅನ್ನಿಸುವುದು ಇದೇ, ಜಾಸ್ತಿ ಕೆಡಿಸುವುದೂ ಇದೇ. ಸಿಂಕ್ ಬ್ಲಾಕ್ ತೆಗೆಯುವ ಬಿಳಿ ಪುಡಿ ಬಹುಮಟ್ಟಿಗೆ ಕಾಸ್ಟಿಕ್ ಸೋಡಾ. ಅದು ಜಿಡ್ಡನ್ನು ಸೋಪು ಮಾಡುತ್ತದೆ, ಕೂದಲನ್ನು ಕರಗಿಸುತ್ತದೆ. ಅಡುಗೆಮನೆ ಸಿಂಕಿಗೆ, ಬಚ್ಚಲಿನ ಜಾಲರಿಗೆ ಸರಿ. ಟಾಯ್ಲೆಟ್ ಕಟ್ಟುವುದು ಜಿಡ್ಡಿನಿಂದ ಅಲ್ಲವಲ್ಲ! ಪ್ಯಾಡ್, ವೈಪ್ಸ್, ಪ್ಲಾಸ್ಟಿಕ್ ಯಾವುದನ್ನೂ ಅದು ಕರಗಿಸುವುದಿಲ್ಲ. ನೀರು ಹರಿಯದೆ ನಿಂತ ಬಾಗಿನಲ್ಲಿ ಪುಡಿ ಜಾಸ್ತಿ ಬಿದ್ದರೆ ತಾನೇ ಹೆಪ್ಪುಗಟ್ಟಿ ಕೂರುವುದೂ ಉಂಟು.

ಆಸಿಡ್‌ಗೆ ನ್ಯಾಯವಾಗಿ ಒಂದೇ ಕೆಲಸ, ಸುಣ್ಣದ ಪದರ ಕರಗಿಸುವುದು. ಬೋರ್‌ವೆಲ್ ನೀರಿನಿಂದ ನಿಧಾನವಾದ ಕಮೋಡ್‌ಗೆ, ನೀರು ಇಳಿಯುತ್ತಿರುವಾಗಲೇ, ಮಾಮೂಲಿ ಟಾಯ್ಲೆಟ್ ಕ್ಲೀನರ್ ಹಾಕಿ ರಾತ್ರಿಯಿಡೀ ಬಿಟ್ಟು ನೋಡಬಹುದು. ಅಂಥ ಲಿಕ್ವಿಡ್‌ಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಸಿಡ್‌ನಿಂದಲೇ ಮಾಡಿದ್ದು. ಬಿಡಿಯಾಗಿ ಮಾರುವ ಹೊಗೆಯಾಡುವ ಆಸಿಡ್ ಬೇಕಾಗಿಲ್ಲ. ಅದು ಮೊಸಾಯಿಕ್ ನೆಲ ತಿನ್ನುತ್ತದೆ, ಟೈಲ್ಸ್ ನಡುವಿನ ಸಿಮೆಂಟ್ ತಿನ್ನುತ್ತದೆ, ನಲ್ಲಿಗೆ ತುಕ್ಕು ಹಿಡಿಸುತ್ತದೆ. ಸೆಪ್ಟಿಕ್ ಟ್ಯಾಂಕ್ ಇದ್ದರೆ ಮಲ ಕೊಳೆಸುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಇದನ್ನು ಮಾತ್ರ ಗಟ್ಟಿಯಾಗಿ ನೆನಪಿಡಿ. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಕಾಸ್ಟಿಕ್ ಪುಡಿ ಹಾಕಿದ ಮೇಲೆ "ಇದಾಗಲಿಲ್ಲ, ಅದನ್ನೂ ಹಾಕೋಣ" ಅಂತ ಆಸಿಡ್ ಸುರಿದರೆ ನೀರು ಕುದಿದು ಸಿಡಿಯುತ್ತದೆ. ಯಾವುದಾದರೂ ಒಂದನ್ನು ಹಾಕಿಯಾಗಿದ್ದರೆ ಪಂಪು ಮುಟ್ಟಬೇಡಿ. ಬರುವವರಿಗೆ ಬಾಗಿಲಲ್ಲೇ ಹೇಳಿ, ನನ್ನ ಹಾಗೆ ಕೇಳಿದ ಮೇಲೆ ಹೂಂ ಅನ್ನಬೇಡಿ.

ಬ್ಯಾಕ್ಟೀರಿಯಾ ಪುಡಿ, ಎನ್‌ಜೈಮ್ ಅಂತ ಮಾರುವುದು ಸೆಪ್ಟಿಕ್ ಟ್ಯಾಂಕಿನ ಆರೋಗ್ಯಕ್ಕೆ. ಇವತ್ತು ಕಟ್ಟಿದ ಟಾಯ್ಲೆಟ್ ಇವತ್ತೇ ಬಿಡಬೇಕಾದರೆ ಅದು ಆಗುವ ಮಾತಲ್ಲ.

ಪ್ಲಂಬರ್, ಆಮೇಲೆ ಗಾಡಿ

ಪಂಪು ನಾಲ್ಕೈದು ಸುತ್ತು ಹೊಡೆದರೂ ಅಲುಗದಿದ್ದರೆ, ಗಟ್ಟಿ ವಸ್ತು ಬಿದ್ದಿದ್ದರೆ, ಸಿಮೆಂಟ್ ಕೂತಿದ್ದರೆ ಪ್ಲಂಬರ್‌ಗೆ ಫೋನ್ ಮಾಡಿ. ಅವನ ಬಳಿ ಉದ್ದದ ಸ್ಪ್ರಿಂಗ್ ಇರುತ್ತದೆ. ಅದೂ ಸೋತರೆ ಕಮೋಡ್ ಎತ್ತಬೇಕು. ನೆಲಕ್ಕೆ ಕೂರಿಸಿದ ವೆಸ್ಟರ್ನ್ ಕಮೋಡ್ ಆದರೆ ಸ್ಕ್ರೂ ಬಿಚ್ಚಿ, ಸುತ್ತಲಿನ ವೈಟ್ ಸಿಮೆಂಟ್ ಒಡೆದು ಎತ್ತಿ, ಮಗುಚಿ ತೆಗೆದು, ಮತ್ತೆ ಕೂರಿಸುತ್ತಾರೆ. ಹೊಸ ವೈಟ್ ಸಿಮೆಂಟ್ ಒಣಗುವವರೆಗೆ ಬಳಸುವ ಹಾಗಿಲ್ಲ. ಹಳೆಯ ಕಮೋಡ್ ಎತ್ತುವಾಗ ಒಡೆದರೆ ಯಾರ ಲೆಕ್ಕ ಅಂತ ಮೊದಲೇ ಮಾತಾಡಿ. ಇಂಡಿಯನ್ ಪ್ಯಾನ್ ಎತ್ತುವುದೆಂದರೆ ನೆಲ ಒಡೆಯುವುದೇ. ಆದ್ದರಿಂದ ಅದಕ್ಕೆ ಪಂಪು ಮತ್ತು ಸ್ಪ್ರಿಂಗ್‌ಗೆ ಇನ್ನೊಂದು ದಿನ ಕೊಟ್ಟು ನೋಡುವುದು ಲಾಭ.

ಚೇಂಬರ್ ತುಂಬಿದ್ದರೆ ಮುಂದಿನ ಮ್ಯಾನ್‌ಹೋಲ್ ನೋಡಿ. ರಸ್ತೆಯದೂ ತುಂಬಿದ್ದರೆ ಅದು ನಿಮ್ಮ ಖರ್ಚಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರು ಕೊಡಿ. ಬೇರೆ ಊರುಗಳಲ್ಲಿ ನಗರಸಭೆ ಅಥವಾ ಪಾಲಿಕೆಯ ಯುಜಿಡಿ ವಿಭಾಗಕ್ಕೆ ಹೇಳಿ. ರಸ್ತೆಯದು ಖಾಲಿ ಇದ್ದು ನಿಮ್ಮದು ಮಾತ್ರ ತುಂಬಿದ್ದರೆ, ನಡುವಿನ ಪೈಪಿಗೆ ಖಾಸಗಿ ಜೆಟ್ಟಿಂಗ್ ಯಂತ್ರದವರನ್ನು ಕರೆಸಬೇಕು. ಒತ್ತಡದ ನೀರಿಗೆ ಕೊಳೆ, ಮರಳು ಎಲ್ಲ ಹೋಗುತ್ತದೆ. ಬೇರು ಮಾತ್ರ ಮತ್ತೆ ಚಿಗುರುತ್ತದೆ. ನಾವು ಕೊನೆಗೆ ಅಷ್ಟುದ್ದದ ಮಣ್ಣಿನ ಪೈಪ್ ತೆಗೆಸಿ ಪಿವಿಸಿ ಹಾಕಿಸಿದೆವು.

ಸೆಪ್ಟಿಕ್ ಟ್ಯಾಂಕ್ ಮನೆಗಳಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಹೂಳು ತೆಗೆಸಬೇಕು. ತೆಗೆಸದೆ ಬಿಟ್ಟು ಕಮೋಡ್‌ಗೆ ಪಂಪು ಹೊಡೆಯುತ್ತಾ ಕೂತರೆ ಪ್ರಯೋಜನವಿಲ್ಲ, ಸಕ್ಕಿಂಗ್ ಗಾಡಿಯೇ ಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಇಂಗುಗುಂಡಿಗೆ ಸುತ್ತಲ ನೆಲದ ನೀರೇ ತುಂಬಿಕೊಂಡು ಟಾಯ್ಲೆಟ್ ನಿಧಾನವಾಗುವುದುಂಟು. ಆಗ ಗಾಡಿ ಬಂದು ಎಳೆದರೂ ಬೇಗನೆ ಮತ್ತೆ ತುಂಬುತ್ತದೆ. ಮಳೆ ಇಳಿಯುವವರೆಗೆ ಸ್ನಾನದ ನೀರು, ಬಟ್ಟೆ ಒಗೆದ ನೀರನ್ನು ಬೇರೆ ಕಡೆಗೆ ಬಿಟ್ಟುನೋಡಿ. ಹಳ್ಳಿಗಳ ಜೋಡಿ ಗುಂಡಿ ಟಾಯ್ಲೆಟ್ ಆಗಿದ್ದರೆ ಪೈಪು ಎರಡು ಗುಂಡಿಗೆ ಕವಲೊಡೆಯುವ ಜಂಕ್ಷನ್‌ನ ಮುಚ್ಚಳ ತೆಗೆದು ನೋಡಿ. ಬಳಸುತ್ತಿರುವ ಗುಂಡಿ ತುಂಬಿದ್ದರೆ ಅದರ ಬಾಯಿ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ ಮುಗಿಯಿತು.

ಏನೇ ಆದರೂ ಟ್ಯಾಂಕಿನೊಳಗೆ, ಮ್ಯಾನ್‌ಹೋಲಿನೊಳಗೆ ಮನುಷ್ಯನನ್ನು ಇಳಿಸುವಂತಿಲ್ಲ. "ಐನೂರು ಜಾಸ್ತಿ ಕೊಡಿ, ಇಳಿದು ತೆಗೀತೀನಿ" ಅಂದರೂ ಒಪ್ಪಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರನ್ನೂ ಬಿಡುವುದಿಲ್ಲ. ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದರು. 2013ರ ಕೇಂದ್ರ ಕಾಯ್ದೆಯ ಪ್ರಕಾರ, ರಕ್ಷಣೆಯಿಲ್ಲದೆ ಹೀಗೆ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕೆಲಸ ಕೊಟ್ಟ ಮನೆಯವರೂ ಇದರಲ್ಲಿ ಬರುತ್ತಾರೆ.

ನಿಮ್ಮ ಮನೆಗೆ ಯಾವುದು?

ಬಾಡಿಗೆ ಮನೆಯಲ್ಲಿದ್ದರೆ ಸೋಪುನೀರು, ಪಂಪು, ಅಲ್ಲಿಗೆ ನಿಲ್ಲಿಸಿ. ಕಮೋಡ್ ಎತ್ತುವ ಮಾತು ಬಂದರೆ ಮೊದಲು ಓನರ್‌ಗೆ ಫೋನ್ ಮಾಡಿ, ಫೋಟೋ ಕಳಿಸಿ. ಆಸಿಡ್ ಸುರಿದು ನೆಲದ ಬಣ್ಣ ಹೋದರೆ ಅಡ್ವಾನ್ಸ್‌ನಲ್ಲಿ ಕಡಿತ ಗ್ಯಾರಂಟಿ.

ಅಪಾರ್ಟ್‌ಮೆಂಟ್‌ನ ಕೆಳಗಿನ ಮಹಡಿಯವರು ಪಂಪು ಹಿಡಿಯುವ ಮೊದಲು ಅಸೋಸಿಯೇಷನ್‌ಗೆ ಹೇಳಿ, ಮೇಲಿನವರು ಸ್ವಲ್ಪ ಹೊತ್ತು ಬಳಸದಂತೆ ನೋಡಿಕೊಳ್ಳಿ. ಮೇಲಿನ ಮನೆಗಳದ್ದೆಲ್ಲ ಇಳಿಯುವ ಪೈಪು ಒಂದೇ, ಉಕ್ಕುವುದು ನಿಮ್ಮಲ್ಲಿ. ಆ ಖರ್ಚು ಎಲ್ಲರದು, ಒಬ್ಬರೇ ಕೊಟ್ಟು ಸುಮ್ಮನಾಗಬೇಡಿ.

ಒಂದೇ ಟಾಯ್ಲೆಟ್ ಇದ್ದು ಮನೆಯಲ್ಲಿ ವಯಸ್ಸಾದವರಿದ್ದರೆ ಪ್ರಯೋಗಕ್ಕೆ ಒಂದು ಗಂಟೆಗಿಂತ ಜಾಸ್ತಿ ಕೊಡಬೇಡಿ. ಪಂಪು ಹಿಡಿಯುವಾಗಲೇ ಪ್ಲಂಬರ್‌ಗೆ ಫೋನ್ ಹಚ್ಚಿರಿ. ಎರಡು ಟಾಯ್ಲೆಟ್ ಇದ್ದು ಚೇಂಬರ್ ಖಾಲಿ ಇದ್ದರೆ ಅವಸರವಿಲ್ಲ. ಸೋಪುನೀರು ಹಾಕಿ ರಾತ್ರಿ ಬಿಡಿ, ಬೆಳಿಗ್ಗೆ ಪಂಪು ಹೊಡೆಯಿರಿ.

ತಿಂಗಳಿಗೊಮ್ಮೆ ಕಟ್ಟಿಕೊಳ್ಳುವ ಮನೆಯವರು ಪ್ರತಿ ಸಲ ಪ್ಲಂಬರ್‌ಗೆ ಕೊಡುವ ದುಡ್ಡು ಕೂಡಿಸಿ ನೋಡಿ. ಪೈಪಿನ ಇಳಿಜಾರು ತಪ್ಪಿದೆಯಾ, ಬೇರು ಬಂದಿದೆಯಾ, ಸಿಮೆಂಟ್ ಕೂತಿದೆಯಾ ಅಂತ ಒಮ್ಮೆ ಅಗೆಸಿ ನೋಡುವುದೇ ಕೊನೆಗೆ ಅಗ್ಗ ಬೀಳುತ್ತದೆ. ಪ್ಯಾಡ್‌ನಿಂದಲೇ ಆಗುತ್ತಿದ್ದರೆ ಬಾತ್‌ರೂಮಿನಲ್ಲಿ ಮುಚ್ಚಳದ ಡಬ್ಬಿ ಇಲ್ಲ ಎಂದೇ ಅರ್ಥ. ಒಂದು ಡಬ್ಬಿ, ಪಕ್ಕದಲ್ಲಿ ಹಳೆಯ ಪೇಪರ್ ಇಡಿ. ಬೆಂಗಳೂರಿನಲ್ಲಿ ಪೇಪರ್‌ನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು.

ಪ್ಲಂಬರ್‌ಗೆ ಫೋನ್ ಮಾಡಿದಾಗ "ಟಾಯ್ಲೆಟ್ ಬ್ಲಾಕ್ ಆಗಿದೆ ಅಣ್ಣ, ಬನ್ನಿ" ಅಂತ ಅಷ್ಟೇ ಹೇಳಿ ಇಡಬೇಡಿ. ವೆಸ್ಟರ್ನಾ ಇಂಡಿಯನ್ನಾ, ನೆಲಕ್ಕೆ ಕೂರಿಸಿದ್ದಾ ಗೋಡೆಗೆ ಹಾಕಿದ್ದಾ, ಚೇಂಬರ್ ತುಂಬಿದೆಯಾ ಖಾಲಿಯಾ, ಏನು ಬಿದ್ದಿರಬಹುದು, ಪುಡಿ ಆಸಿಡ್ ಹಾಕಿದ್ದೀರಾ ಇಲ್ಲವಾ, ಇಷ್ಟು ಹೇಳಿ. ಬೇಕಾದ ಸಾಮಾನು ಮೊದಲ ಸಲವೇ ತರುತ್ತಾನೆ. ನೋಡಿ ಹೋಗಲು ಎಷ್ಟು, ಸ್ಪ್ರಿಂಗ್ ಹಾಕಿದರೆ ಎಷ್ಟು, ಕಮೋಡ್ ಎತ್ತಿದರೆ ಎಷ್ಟು ಅಂತ ಮೂರು ದರವನ್ನೂ ಅವನು ಹೊರಡುವ ಮೊದಲೇ ಫೋನಿನಲ್ಲೇ ಕೇಳಿಕೊಳ್ಳಿ.